ಸೇಂದಿ ನಿಂತ ಮೂರನೆಯ ದಿನ

ರಾಯಚೂರು ಜಿಲ್ಲೆಯಲ್ಲಿ ನಾನು ಕಂದಾಯ ಅಧಿಕಾರಿಯಾಗಿದ್ದ ಕಾಲದ ಮಾತು. 2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಷೇಧ ಜಾರಿಗೆ ಬಂದು ಕೆಲವು ತಿಂಗಳುಗಳಷ್ಟೇ ಕಳೆದಿದ್ದವು. ಕರಾವಳಿಯ ಹೊರತಾಗಿ ನಮ್ಮ ಕಡೆ ಸೇಂದಿ ಮಾರಾಟ ಅದಕ್ಕೂ ಮೊದಲೇ ನಿಂತಿತ್ತು, ಅಂದರೆ ಕಾಗದದ ಮೇಲೆ. ಮಾನ್ವಿ ಕಡೆಯ ಒಂದು ಹಳ್ಳಿಯಲ್ಲಿ ಕಲಬೆರಕೆ ಸೇಂದಿ ಮಾರಾಟವಾಗುತ್ತಿದೆ ಎಂಬ ದೂರಿನ ಮೇಲೆ ನಾವು ಹೋಗಿ, ಗುಡಿಸಲೊಂದರಲ್ಲಿದ್ದ ಪ್ಲಾಸ್ಟಿಕ್ ಕೊಡಗಳನ್ನೆಲ್ಲ ಕಾಲುವೆಯ ಬದುವಿನ ಮೇಲೆ ಸುರಿಸಿದೆವು. ಮರುದಿನ ಪತ್ರಿಕೆಯಲ್ಲಿ ಚಿತ್ರವೂ ಬಂತು. ಆ ಚಿತ್ರವನ್ನು ನಾನು ಕತ್ತರಿಸಿ ಇಟ್ಟುಕೊಂಡಿದ್ದೆ ಎಂಬುದನ್ನು ಈಗ ಹೇಳಿಕೊಳ್ಳಲು ಸಂಕೋಚವಾಗುತ್ತದೆ.

ಮೂರನೆಯ ದಿನ ಅದೇ ಹಳ್ಳಿಯ ಒಬ್ಬ ಹೆಣ್ಣುಮಗಳು ಕಚೇರಿಯ ಮೆಟ್ಟಿಲ ಬಳಿ ಕಾದು ನಿಂತಿದ್ದಳು. ಗಂಡ ಹತ್ತಿ ಬಿಡಿಸುವ ಕೂಲಿ. ಸೇಂದಿ ಸಿಗದೆ ಎರಡು ರಾತ್ರಿ ನಿದ್ದೆಯಿಲ್ಲ, ಕೈಕಾಲು ನಡುಕ, ಗೋಡೆಯ ಮೇಲೆ ಹಾವು ಹರಿಯುತ್ತಿದೆ ಎಂದು ಕೂಗಾಟ, ಬೆಳಗಿನ ಜಾವ ಫಿಟ್ಸ್. ಊರವರು ಗಾಳಿ ಸೋಕಿದೆ ಎಂದು ಬೇವಿನ ಸೊಪ್ಪು ತಂದಿದ್ದರಂತೆ. ‘ಸೇಂದಿ ಬಂದ್ ಮಾಡಿದ್ರಿ, ಚಲೋ ಆತ್ರಿ ಸಾಹೇಬ್ರ. ಮನ್ಯಾಗ ನಮ್ಮವ ಒದ್ದಾಡ್ಲಿಕತ್ತಾನ. ಈಗ ನಾ ಏನ್ ಮಾಡ್ಲಿ ಹೇಳ್ರಿ?’ ಎಂದಳು. ನನ್ನ ಬಳಿ ಉತ್ತರವಿರಲಿಲ್ಲ. ರಾಯಚೂರಿಗೆ ಕರೆದುಕೊಂಡು ಹೋಗಿ ತೋರಿಸು ಎಂದು ಇನ್ನೂರು ರೂಪಾಯಿ ಕೊಟ್ಟೆ.

ವಾರದ ನಂತರ ಸಂತೆಯಲ್ಲಿ ಸಿಕ್ಕಾಗ ವಿಚಾರಿಸಿದೆ. ಗಂಡ ಆರಾಮಿದ್ದಾನೆ, ಕೂಲಿಗೂ ಹೋಗುತ್ತಿದ್ದಾನೆ ಎಂದಳು. ಯಾವ ಡಾಕ್ಟರಿಗೆ ತೋರಿಸಿದೆ ಎಂದರೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನೀವು ಕೊಟ್ಟ ರೊಕ್ಕ ಸೇಂದಿಗೇ ಹಾಕೀನ್ರಿ. ಇಲ್ಲಂದ್ರ ಸತ್ತ ಹೋಗ್ತಿದ್ದ’ ಎಂದಳು. ಪಕ್ಕದ ಊರಿನಿಂದ ತರಿಸಿ ದಿನಕ್ಕೆ ಅರ್ಧರ್ಧ ಬಾಟಲಿ ಕುಡಿಸಿದ್ದಳು, ನಡುಕ ನಿಂತಿತ್ತು. ಚಟವನ್ನು ಒಮ್ಮೆಲೇ ಕಿತ್ತುಹಾಕದೆ ಪ್ರಮಾಣವನ್ನು ಹಂತಹಂತವಾಗಿ ಇಳಿಸುವುದು ವೈದ್ಯಶಾಸ್ತ್ರ ಒಪ್ಪಿದ ಕ್ರಮ ಎಂದು ಬಹಳ ಕಾಲದ ಮೇಲೆ ನನಗೆ ತಿಳಿಯಿತು. ಸರ್ಕಾರದ ಪ್ರತಿನಿಧಿಯಾಗಿ ನಾನು ಮಾಡಬೇಕಿದ್ದ ಕೆಲಸವನ್ನು ಆಕೆ ತನಗೆ ತೋಚಿದಂತೆ ಮಾಡಿದ್ದಳು, ಕಾನೂನಿನ ಕಣ್ಣಿಗೆ ಅಪರಾಧವಾದ ಸರಕನ್ನು ಕೊಂಡು.

ಮಾದಕ ವಸ್ತುಗಳ ಸೇವನೆಯನ್ನು ಅಪರಾಧವೆಂದು ಪರಿಗಣಿಸಬೇಕೆ, ಬೇಡವೆ ಎಂಬ ಚರ್ಚೆ ಇಂಗ್ಲಿಷ್ ಪತ್ರಿಕೆಗಳಲ್ಲಿ ಆಗಾಗ ನಡೆಯುತ್ತದೆ. ಮುಂಬಯಿಯ ಸಿನಿಮಾ ನಟರೋ ಬೆಂಗಳೂರಿನ ತೋಟದ ಮನೆಯ ಪಾರ್ಟಿಯೋ ಸುದ್ದಿಯಾದಾಗ ಚರ್ಚೆಗೆ ಕಾವು ಬರುತ್ತದೆ. ಪೋರ್ಚುಗಲ್, ಹಾಲೆಂಡ್, ಕೆನಡಾಗಳ ಹೆಸರು ಕೇಳಿಬರುತ್ತದೆ. ದೇವದುರ್ಗ, ಮಾನ್ವಿಗಳ ಹೆಸರು ಬರುವುದಿಲ್ಲ. ಆದರೆ ಆ ದೇಶಗಳ ಅನುಭವದಿಂದ ಯಾರಾದರೂ ಪಾಠ ಕಲಿಯಬೇಕಾಗಿದ್ದರೆ ಅದು ಮೊದಲು ಈ ತಾಲ್ಲೂಕುಗಳ ಸಲುವಾಗಿ ಎಂಬುದು ನನ್ನ ಅಭಿಪ್ರಾಯ.

ನಮ್ಮ ಭಾಗದ ಸೇಂದಿ ಎಂದರೆ ಈಗ ಈಚಲು ಮರದ ರಸವಲ್ಲ. ಜನ ಅದನ್ನು ‘ಸಿಎಚ್ ಪೌಡರ್ ಸೇಂದಿ’ ಎನ್ನುತ್ತಾರೆ. ಸಿಎಚ್ ಎಂದರೆ ಕ್ಲೋರಲ್ ಹೈಡ್ರೇಟ್. ಜರ್ಮನಿಯ ಲೀಬಿಗ್ ಎಂಬ ರಸಾಯನ ವಿಜ್ಞಾನಿ 1832ರಲ್ಲಿ ತಯಾರಿಸಿದ, 1869ರಿಂದ ನಿದ್ದೆಯ ಔಷಧಿಯಾಗಿ ಬಳಕೆಗೆ ಬಂದ ಹಳೆಯ ರಾಸಾಯನಿಕ. ಒಂದು ಕಾಲಕ್ಕೆ ಯುರೋಪಿನ ಶ್ರೀಮಂತರು ನಿದ್ದೆಗಾಗಿ ಸೇವಿಸುತ್ತಿದ್ದ ಈ ವಸ್ತು ಇಂದು ನೀರು, ಸಕ್ಕರೆ ಅಥವಾ ಸ್ಯಾಕರಿನ್, ನೊರೆ ಬರಿಸುವ ಇನ್ನಾವುದೋ ಪುಡಿಯ ಜೊತೆ ಸೇರಿ ಕೃಷ್ಣಾ-ತುಂಗಭದ್ರೆಯ ನಡುವಿನ ದೋಆಬಿನಲ್ಲಿ ಕೂಲಿಕಾರರ ಹೊಟ್ಟೆಗೆ ಇಳಿಯುತ್ತಿದೆ.

ಅರ್ಥಶಾಸ್ತ್ರ ಓದಿದವನಾದ್ದರಿಂದ ಇಲ್ಲಿ ಒಂದು ಮಾತು ಸೇರಿಸದೆ ಇರಲಾರೆ. ಈಚಲು ಮರ ದಿನಕ್ಕೆ ಕೊಡುವುದು ಇಷ್ಟೇ ರಸ ಎಂಬ ಮಿತಿಯಿದೆ. ಇಳಿಸಿದ ಸೇಂದಿ ಅಂದೇ ಖರ್ಚಾಗಬೇಕು, ಇಲ್ಲವಾದರೆ ಹುಳಿಯುತ್ತದೆ. ದೂರ ಸಾಗಿಸಲಾಗದು, ಬಚ್ಚಿಡಲೂ ಆಗದು. ಪುಡಿಗೆ ಈ ಯಾವ ಕಷ್ಟವೂ ಇಲ್ಲ. ಬೈಕಿನ ಡಿಕ್ಕಿಯಲ್ಲಿ ಹಿಡಿಯುವ ಪೊಟ್ಟಣ ಇಡೀ ಊರಿಗೆ ಸಾಲುತ್ತದೆ. ನಿಷೇಧ ಬಿಗಿಯಾದಷ್ಟೂ ವ್ಯಾಪಾರಿ ತೂಕ ಕಡಿಮೆ, ಅಮಲು ಹೆಚ್ಚು ಇರುವ ಸರಕಿಗೆ ಹೊರಳುತ್ತಾನೆ. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧವಿದ್ದಾಗ ಕಳ್ಳ ಮಾರುಕಟ್ಟೆಯಲ್ಲಿ ಬಿಯರಿಗಿಂತ ಕಟುಮದ್ಯವೇ ಹೆಚ್ಚಾದದ್ದು ಇದೇ ಕಾರಣಕ್ಕೆ. ಮರ ಹತ್ತುವ ಕಸುಬು ನಮ್ಮಲ್ಲಿ ನಿಂತಿತು; ಸೇಂದಿ ನಿಲ್ಲಲಿಲ್ಲ, ಮರದ ಹಂಗನ್ನಷ್ಟೇ ತೊರೆಯಿತು.

ಇನ್ನು ಕಾನೂನು. ಬೇರೆ ಬೇರೆ ದೇಶಗಳ ಕಾನೂನು ಬೇರೆ ಬೇರೆ ಎಂದು ನಾವು ಅಚ್ಚರಿಪಡುತ್ತೇವೆ. ರಾಯಚೂರಿನಲ್ಲಿ ಕುಳಿತರೆ ಅಷ್ಟು ದೂರ ಹೋಗಬೇಕಾಗಿಲ್ಲ. ಶಕ್ತಿನಗರದ ಬಳಿ ಕೃಷ್ಣಾ ನದಿಯ ಸೇತುವೆ ದಾಟಿದರೆ ತೆಲಂಗಾಣ. ಅಲ್ಲಿ ಸೇಂದಿ ಇಳಿಸುವವರ ಸಹಕಾರ ಸಂಘಗಳಿಗೆ ಪರವಾನಗಿಯಿದೆ, ಅಂಗಡಿಯಲ್ಲಿ ಕುಳಿತು ಕುಡಿಯಬಹುದು. ಈಚೆ ದಡದಲ್ಲಿ ಅದೇ ಪಾನೀಯ ನಿಷಿದ್ಧ. ಆದರೆ ಈಚೆ ದಡದಲ್ಲಿಯೂ ಮುದ್ರೆಯೊತ್ತಿದ ಬಾಟಲಿಯ ವಿಸ್ಕಿ, ಬ್ರಾಂದಿಗಳನ್ನು ಯಾರೂ ಕೊಳ್ಳಬಹುದು. ರಾಜ್ಯದ ಬೊಕ್ಕಸಕ್ಕೆ ಅದರಿಂದ ವರ್ಷಕ್ಕೆ ಮೂವತ್ತು ಸಾವಿರ ಕೋಟಿ ರೂಪಾಯಿಗೂ ಮೀರಿದ ವರಮಾನ. ನಿಜಾಮರ ಕಾಲದಲ್ಲಿಯೂ ಅಬಕಾರಿ ದೊಡ್ಡ ಆದಾಯದ ಬಾಬ್ತೇ ಆಗಿತ್ತು. ಆ ಪದವೂ ಪದ್ಧತಿಯೂ ನಮ್ಮಲ್ಲಿ ಹಾಗೆಯೇ ಉಳಿದಿವೆ.

ಗಾಂಜಾದ ವಿಷಯ ಇನ್ನೂ ವಿಚಿತ್ರ. 1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಆ ಗಿಡದ ಹೂವಿನ ತುದಿ. ತುದಿಯಿಲ್ಲದ ಬರಿಯ ಎಲೆ ಮತ್ತು ಬೀಜ ಅದರ ವ್ಯಾಪ್ತಿಗೆ ಬರುವುದಿಲ್ಲ. ಆದ್ದರಿಂದ ಎಲೆಯಿಂದ ಮಾಡುವ ಭಂಗಿ ಈ ಕಾಯ್ದೆಯಡಿ ನಿಷಿದ್ಧವಲ್ಲ ಎಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ಜಾಮೀನು ಅರ್ಜಿಯೊಂದರಲ್ಲಿ ಹೇಳಿತು. ದೇವದುರ್ಗದಿಂದ ಕೃಷ್ಣೆಯನ್ನು ದಾಟಿದರೆ ಸುರಪುರ ತಾಲ್ಲೂಕಿನ ತಿಂಥಣಿ. ಹಿಂದೂ-ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಮೌನೇಶ್ವರರ ಕ್ಷೇತ್ರ. ಅಲ್ಲಿ ಜಾತ್ರೆಯ ಸಮಯದಲ್ಲಿ ಗಾಂಜಾ ಪ್ರಸಾದದಂತೆ ಸಲ್ಲುವ ರೂಢಿಯ ಬಗ್ಗೆ 2020ರಲ್ಲಿ ಪತ್ರಿಕೆಗಳು ಬರೆದವು. ಹತ್ತಿ, ತೊಗರಿಯ ಸಾಲಿನ ನಡುವೆ ನಾಲ್ಕು ಗಾಂಜಾ ಗಿಡ ಬೆಳೆದ ಬಡ ರೈತನಿಗಾದರೋ ಇದೇ ಕಾಯ್ದೆಯಡಿ ಹತ್ತು ವರ್ಷದವರೆಗೆ ಸೆರೆವಾಸವಾಗಬಹುದು. ಕಿತ್ತ ಹಸಿ ಗಿಡವನ್ನು ಬೇರು, ಕಾಂಡ, ಮಣ್ಣಿನ ಸಮೇತ ತೂಗಿ ಕಿಲೋ ಲೆಕ್ಕ ಬರೆದ ಪಂಚನಾಮೆಗಳನ್ನು ನಾನೇ ನೋಡಿದ್ದೇನೆ. ಒಂದು ಕಿಲೋವರೆಗಿನ ಗಾಂಜಾ ಕಾನೂನಿನ ಭಾಷೆಯಲ್ಲಿ ‘ಅಲ್ಪ ಪ್ರಮಾಣ’, ಇಪ್ಪತ್ತು ಕಿಲೋ ದಾಟಿದರೆ ‘ವಾಣಿಜ್ಯ ಪ್ರಮಾಣ’. ಮಣ್ಣಿನ ತೂಕಕ್ಕೂ ಇಲ್ಲಿ ಬೆಲೆಯಿದೆ.

ಈ ಎಲ್ಲದರ ನಡುವೆ, ಜಿಲ್ಲೆಯ ಬಡವರನ್ನು ಕಾಡುತ್ತಿರುವ ಕ್ಲೋರಲ್ ಹೈಡ್ರೇಟ್ ಎನ್‌ಡಿಪಿಎಸ್ ಪರಿಶಿಷ್ಟದಲ್ಲಿಯೇ ಇಲ್ಲ. ತೆಲಂಗಾಣದ ಕಲಬೆರಕೆಯಲ್ಲಿ ಬಳಕೆಯಾಗುವ ಆಲ್ಪ್ರಾಜೋಲಾಮ್, ಡಯಾಜೆಪಾಮ್ ಇವೆ, ಇದು ಇಲ್ಲ. ಹೀಗಾಗಿ ಸಿಎಚ್ ಸೇಂದಿ ಮಾರುವವನ ಮೇಲೆ ಮೊಕದ್ದಮೆ ಬೀಳುವುದು ಸಾಮಾನ್ಯವಾಗಿ 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ. ಮಾರುವವನು ಬೇಗ ಹೊರಬರುತ್ತಾನೆ ಎಂಬ ದೂರು ಎಲ್ಲರದೂ ಇದೆ. ಇದನ್ನೂ ಕಠಿಣ ಕಾಯ್ದೆಯ ಪರಿಶಿಷ್ಟಕ್ಕೆ ಸೇರಿಸಿ ಎಂಬ ಬೇಡಿಕೆ ಸಹಜವಾದದ್ದು. ಮಾರಾಟಗಾರನ ಮಟ್ಟಿಗೆ ನಾನೂ ಅದನ್ನು ಒಪ್ಪುತ್ತೇನೆ. ಆದರೆ ಸೇರಿಸಿದ ಮರುಕ್ಷಣ ಕುಡಿಯುವವನೂ ಅದರ ಬಲೆಗೆ ಬೀಳುತ್ತಾನೆ. ಆ ಕಾಯ್ದೆಯ 27ನೆಯ ಕಲಂ ಸೇವನೆಯನ್ನೇ ಅಪರಾಧವಾಗಿಸಿದೆ: ಹೆರಾಯಿನ್, ಕೊಕೇನ್‌ಗಳಿಗೆ ಒಂದು ವರ್ಷದವರೆಗೆ, ಇತರ ವಸ್ತುಗಳಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಹತ್ತಿ ಬಿಡಿಸುವ ಆ ಕೂಲಿಯವನು ಆಗ ರೋಗಿಯೂ ಹೌದು, ಆರೋಪಿಯೂ ಹೌದು.

ಇಲ್ಲಿ ಪೋರ್ಚುಗಲ್ ನೆನಪಾಗುತ್ತದೆ. ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಅಪರಾಧಮುಕ್ತಗೊಳಿಸುವುದು ಬೇರೆ, ಕಾನೂನುಬದ್ಧಗೊಳಿಸುವುದು ಬೇರೆ. ಕೆನಡಾ 2018ರಲ್ಲಿ ಗಾಂಜಾವನ್ನು ಅಂಗಡಿಯಲ್ಲಿ ಮಾರಲು ಅವಕಾಶ ಕೊಟ್ಟಿತು, ಅದು ಎರಡನೆಯದು. ಪೋರ್ಚುಗಲ್ ಯಾವ ಮಾದಕ ವಸ್ತುವಿನ ಮಾರಾಟಕ್ಕೂ ಅಂಥ ಅನುಮತಿ ಕೊಡಲಿಲ್ಲ. 2001ರ ಜುಲೈ 1ರಿಂದ ಜಾರಿಗೆ ಬಂದ ಅಲ್ಲಿನ ಕಾನೂನು ಹೇಳಿದ್ದು ಇಷ್ಟು: ಒಬ್ಬನ ಹತ್ತು ದಿನದ ಬಳಕೆಗೆ ಸಾಲುವಷ್ಟು ಇಟ್ಟುಕೊಂಡಿದ್ದರೆ ಅದು ಕ್ರಿಮಿನಲ್ ಅಪರಾಧವಲ್ಲ. ವಸ್ತುವನ್ನು ಮಾತ್ರ ಪೊಲೀಸರು ವಶಪಡಿಸಿಕೊಳ್ಳುತ್ತಾರೆ, ಆತನಿಗೆ ಒಂದು ಆಯೋಗದ ಮುಂದೆ ಹಾಜರಾಗಲು ಹೇಳುತ್ತಾರೆ. ನ್ಯಾಯಾಧೀಶರ ಪೀಠವಲ್ಲ ಅದು. ಕಾನೂನು, ಆರೋಗ್ಯ, ಸಮಾಜಕಾರ್ಯ ಬಲ್ಲ ಮೂವರು ಮೇಜಿನ ಆಚೆ ಕುಳಿತಿರುತ್ತಾರೆ. ಚಟ ಹತ್ತಿದವನನ್ನು ಚಿಕಿತ್ಸೆಗೆ ಕಳುಹಿಸುತ್ತಾರೆ, ಹತ್ತದವನಿಗೆ ಎಚ್ಚರಿಕೆಯೋ ದಂಡವೋ. ಮಾರುವವನಿಗೆ ಜೈಲು ಮೊದಲಿನಂತೆಯೇ. ಜನಸಂಖ್ಯೆಯ ಶೇ 1ರಷ್ಟು ಮಂದಿ ಹೆರಾಯಿನ್‌ಗೆ ಬಲಿಯಾಗಿದ್ದರೆಂದು ಅಂದಾಜಿದ್ದ ದೇಶ ಅದು. ಸೂಜಿಯಿಂದ ಹರಡುತ್ತಿದ್ದ ಎಚ್‌ಐವಿ ಮುಂದಿನ ವರ್ಷಗಳಲ್ಲಿ ತೀವ್ರವಾಗಿ ಇಳಿಯಿತು. ಆದರೆ ಈ ಯಶಸ್ಸನ್ನು ಹೊಗಳುವವರು ಒಂದನ್ನು ಮರೆಯುತ್ತಾರೆ. ಶಿಕ್ಷೆ ತೆಗೆದದ್ದರ ಜೊತೆಗೇ ಚಿಕಿತ್ಸಾ ಕೇಂದ್ರಗಳ ಜಾಲವನ್ನು ಅಲ್ಲಿ ಬೆಳೆಸಿದ್ದರು. 2012ರಲ್ಲಿ ಆರ್ಥಿಕ ಮುಗ್ಗಟ್ಟಿನ ಕಾಲಕ್ಕೆ ಆ ವ್ಯವಸ್ಥೆಯನ್ನು ನೋಡಿಕೊಳ್ಳುತ್ತಿದ್ದ ಸಂಸ್ಥೆಯನ್ನೇ ವಿಸರ್ಜಿಸಿ ಹೊಣೆಯನ್ನು ಹಂಚಿದರು; ಕಾನೂನಿನ ಅಕ್ಷರ ಬದಲಾಗದಿದ್ದರೂ ಲಿಸ್ಬನ್, ಪೋರ್ಟೊ ನಗರಗಳಲ್ಲಿ ಬೀದಿಬದಿಯ ಸೇವನೆಯ ದೂರು ಮತ್ತೆ ಕೇಳಿಬಂತು.

ಅಮೆರಿಕದ ಆರೆಗಾನ್ ರಾಜ್ಯ ಇದಕ್ಕೆ ವಿರುದ್ಧವಾದ ನಿದರ್ಶನ. 2020ರ ನವೆಂಬರಿನಲ್ಲಿ ಮತದಾರರೇ ಒಪ್ಪಿ, 2021ರ ಫೆಬ್ರುವರಿಯಿಂದ ಅಲ್ಲಿ ಸ್ವಂತ ಬಳಕೆಯ ಮಾದಕ ವಸ್ತುವಿಗೆ ಜೈಲು ಹೋಯಿತು. ಬದಲಿಗೆ ನೂರು ಡಾಲರ್ ದಂಡದ ಚೀಟಿ. ಚೀಟಿಯಲ್ಲಿದ್ದ ದೂರವಾಣಿ ಸಂಖ್ಯೆಗೆ ಕರೆ ಮಾಡಿ ಆರೋಗ್ಯ ತಪಾಸಣೆಗೆ ಒಪ್ಪಿದರೆ ದಂಡವೂ ಮಾಫಿ. ಕರೆ ಮಾಡಿದವರು ಬಹಳ ಕಡಿಮೆ. ಚಿಕಿತ್ಸೆಗೆಂದು ಗಾಂಜಾ ತೆರಿಗೆಯಿಂದ ತೆಗೆದಿಟ್ಟ ಹಣ ಸಂಸ್ಥೆಗಳನ್ನು ತಲುಪುವುದು ಬಹಳ ತಡವಾಯಿತು. ಶಿಕ್ಷೆ ಹೋಗಿತ್ತು, ಚಿಕಿತ್ಸೆ ಬಂದಿರಲಿಲ್ಲ. ಆ ಸಂದಿಯಲ್ಲಿ ಫೆಂಟನಿಲ್ ಎಂಬ ಮಹಾಮಾರಿ ನುಗ್ಗಿತ್ತು. 2024ರ ಸೆಪ್ಟೆಂಬರ್ 1ರಿಂದ ಸ್ವಂತ ಬಳಕೆ ಅಲ್ಲಿ ಮತ್ತೆ ಅಪರಾಧ. ಸಿಂಗಪುರದಂತೆ ಹದಿನೈದು ಗ್ರಾಂ ಮೀರಿದ ಹೆರಾಯಿನ್ ಸಾಗಿಸಿದವನಿಗೆ ಗಲ್ಲು ವಿಧಿಸುವ ದೇಶಗಳೂ ಇವೆ. ಆದರೆ ಅಲ್ಲಿಯೂ ವ್ಯಸನಿಗೆ ಸರ್ಕಾರವೇ ನಡೆಸುವ ಕಡ್ಡಾಯ ಪುನರ್ವಸತಿ ಕೇಂದ್ರವೊಂದಿದೆ ಎಂಬುದನ್ನು ಗಮನಿಸಬೇಕು. ಆ ಕಡ್ಡಾಯ ನನಗೆ ಹಿತವೆನಿಸದು. ಹಿಡಿದ ಮನುಷ್ಯನನ್ನು ಎಲ್ಲಿಗೆ ಕಳುಹಿಸಬೇಕೆಂಬುದನ್ನಾದರೂ ಆ ಸರ್ಕಾರ ಯೋಚಿಸಿದೆ.

ನಮ್ಮ ಕಾಯ್ದೆಯಲ್ಲಿ ಅಂಥ ಯೋಚನೆ ಇಲ್ಲವೇ ಎಂದರೆ, ಇದೆ. 64-ಎ ಕಲಂ ಪ್ರಕಾರ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ಸ್ವಇಚ್ಛೆಯಿಂದ ಸರ್ಕಾರದ ಅಥವಾ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ವಿಚಾರಣೆಯಿಂದ ವಿನಾಯಿತಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೂ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದಾಗುವ ಸ್ಥಿತಿಯನ್ನು ಮಾನಸಿಕ ಅನಾರೋಗ್ಯದ ವ್ಯಾಖ್ಯೆಯಲ್ಲಿಯೇ ಸೇರಿಸಿದೆ. ಸ್ವಂತ ಬಳಕೆಯ ಅಲ್ಪ ಪ್ರಮಾಣವನ್ನು ಅಪರಾಧದಿಂದ ಹೊರಗಿಡಬೇಕೆಂದು ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯ 2021ರಲ್ಲಿ ಸಲಹೆ ಮಾಡಿದ್ದಾಗಿ ವರದಿಯೂ ಆಗಿತ್ತು. ಕಾನೂನಿನ ಪುಸ್ತಕದಲ್ಲಿ ನಾವು ಪೋರ್ಚುಗಲ್‌ನಿಂದ ಬಹಳ ದೂರವೇನೂ ಇಲ್ಲ. ದೂರವಿರುವುದು ಆಸ್ಪತ್ರೆಯಿಂದ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ಮದ್ಯವ್ಯಸನಿಗಳಲ್ಲಿ 38 ಮಂದಿಗೆ ಒಬ್ಬರು ಮಾತ್ರ ಯಾವುದಾದರೂ ಚಿಕಿತ್ಸೆ ಪಡೆದಿದ್ದರು. ಒಳರೋಗಿಯಾಗಿ ದಾಖಲಾದವರು 180ಕ್ಕೆ ಒಬ್ಬರು. ಇದು ಇಡೀ ದೇಶದ ಲೆಕ್ಕ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿಟ್ಟ ದೇವದುರ್ಗದ ಲೆಕ್ಕವನ್ನು ಓದುಗರೇ ಊಹಿಸಬಹುದು.

ಚಿಕಿತ್ಸೆಯಿಲ್ಲದ ನಿಷೇಧ ಏನು ಮಾಡುತ್ತದೆ ಎಂಬುದನ್ನು ನೋಡಲು ಆರೆಗಾನ್‌ಗೂ ಹೋಗಬೇಕಿಲ್ಲ. 2015ರಲ್ಲಿ ತೆಲಂಗಾಣ ಸರ್ಕಾರ ಕಲಬೆರಕೆ ಸೇಂದಿಯ ಮೇಲೆ ಒಮ್ಮೆಲೇ ಮುಗಿಬಿತ್ತು. ಉದ್ದೇಶ ಒಳ್ಳೆಯದೇ. ಆದರೆ ಕೆಲವೇ ದಿನಗಳಲ್ಲಿ ನಿಜಾಮಾಬಾದ್, ಮೇದಕ್ ಹಾಗೂ ನಮ್ಮ ಗಡಿಗೆ ಹೊಂದಿದ ಮಹಬೂಬ್‌ನಗರದ ಆಸ್ಪತ್ರೆಗಳಲ್ಲಿ ನೂರಾರು ಜನ ನಡುಕ, ಫಿಟ್ಸ್, ಭ್ರಮೆಯಿಂದ ದಾಖಲಾದರು, ಸಾವುಗಳೂ ವರದಿಯಾದವು. ಹೈದರಾಬಾದಿನ ಎರ್ರಗಡ್ಡ ಮಾನಸಿಕ ಆಸ್ಪತ್ರೆಯವರೆಗೆ ರೋಗಿಗಳ ಸಾಲು. ಪತ್ರಿಕೆಯಲ್ಲಿ ಅದನ್ನು ಓದುವಾಗ ನನ್ನ ಕಣ್ಣ ಮುಂದಿದ್ದದ್ದು ಕಾಲುವೆಯ ಬದು ಮತ್ತು ಸುರಿದ ಕೊಡಗಳು. ನಾನು ಒಂದು ಹಳ್ಳಿಯಲ್ಲಿ ಮಾಡಿದ್ದನ್ನು ಅಲ್ಲಿ ಜಿಲ್ಲೆ ಜಿಲ್ಲೆಗಳಲ್ಲಿ ಮಾಡಿದ್ದರು.

ಹಾಗೆಂದು ದಾಳಿ ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ಸಿಎಚ್ ಪುಡಿ ವಿಷ. ಅದನ್ನು ಸಾಗಿಸುವವರ, ಸಗಟು ಮಾರುವವರ ಮೇಲೆ ಕಾನೂನು ಈಗಿನದಕ್ಕಿಂತ ಗಟ್ಟಿಯಾಗಬೇಕು. ನನ್ನ ತಕರಾರು ಕ್ರಮದ ಬಗ್ಗೆ. ಒಂದು ಊರಿನ ಸೇಂದಿ ಅಡ್ಡೆಯನ್ನು ಮುಚ್ಚಿಸುವ ಮುನ್ನವೇ ಆ ಊರಿನ ಆಶಾ ಕಾರ್ಯಕರ್ತೆಗೆ ತಿಳಿದಿರಬೇಕು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಮದ್ಯ-ಮಾದಕ ವಸ್ತು ನಿಂತಾಗಿನ ಲಕ್ಷಣಗಳ ತರಬೇತಿಯಾಗಿರಬೇಕು, ತಾಲ್ಲೂಕು ಆಸ್ಪತ್ರೆಯಲ್ಲಿ ನಾಲ್ಕಾದರೂ ಹಾಸಿಗೆ ಇದಕ್ಕೆಂದೇ ಇರಬೇಕು. ಅಬಕಾರಿಯವರ ಜೀಪಿನ ಹಿಂದೆ ಒಂದು ಆಂಬುಲೆನ್ಸ್ ಇರಲಿ ಎಂದರೆ ನಗುವವರಿದ್ದಾರೆ. ನಿವೃತ್ತಿಗೆ ಮುನ್ನ ಒಂದು ಸಭೆಯಲ್ಲಿ ನಾನು ಈ ಮಾತು ಆಡಿದಾಗಲೂ ನಕ್ಕಿದ್ದರು. ಪುಡಿಯನ್ನು ಎನ್‌ಡಿಪಿಎಸ್ ಪರಿಶಿಷ್ಟಕ್ಕೆ ಸೇರಿಸುವುದೇ ಆದರೆ ಅದೇ ದಿನ 27ನೆಯ ಕಲಂನಿಂದ ಕುಡಿಯುವವನನ್ನು ಹೊರಗಿಡಬೇಕು. ಚಿಕಿತ್ಸೆಗೆ ಬಂದರೆ ಹೆಸರು ಪೊಲೀಸ್ ಠಾಣೆಗೆ ಹೋಗುತ್ತದೆ ಎಂಬ ಭಯವಿದ್ದಲ್ಲಿ ಯಾವ ಕೂಲಿಕಾರನೂ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ. ದುಡ್ಡು ಎಲ್ಲಿಂದ ಎಂಬ ಪ್ರಶ್ನೆಗೆ ಮೂವತ್ತು ಸಾವಿರ ಕೋಟಿಯ ಅಬಕಾರಿ ವರಮಾನದ ನೂರರಲ್ಲಿ ಒಂದು ಪಾಲು ಎಂಬುದು ನನ್ನ ಉತ್ತರ. ಅಷ್ಟೇ ಮುನ್ನೂರು ಕೋಟಿ ರೂಪಾಯಿಗೂ ಮೀರುತ್ತದೆ.

ಕಳೆದ ಮಳೆಗಾಲದಲ್ಲಿ ದೇವದುರ್ಗದ ಬಸ್ ನಿಲ್ದಾಣದಲ್ಲಿ ರಾಯಚೂರಿನ ಬಸ್ಸಿಗೆ ಕಾಯುತ್ತ ಕುಳಿತಿದ್ದೆ. ಪಕ್ಕದ ಬೆಂಚಿನಲ್ಲಿ ನಡುಗುವ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ ಗಂಡಸು, ಜೊತೆಗೆ ಹೆಂಡತಿ, ಕೈಯಲ್ಲಿ ಆಸ್ಪತ್ರೆಯ ಹಳದಿ ಚೀಟಿ. ಐವತ್ತು ಕಿಲೋಮೀಟರ್ ಆಸುಪಾಸಿನ ದಾರಿ. ಬಸ್ಸು ಬಂದಾಗ ಆಕೆ ಸೀರೆಯ ಸೆರಗಿನ ಗಂಟು ಬಿಚ್ಚಿ ಚಿಲ್ಲರೆ ಎಣಿಸತೊಡಗಿದಳು. 2023ರಿಂದ ಹೆಂಗಸರಿಗೆ ಟಿಕೆಟ್ ಇಲ್ಲವಲ್ಲ ಎಂದೆ. ‘ನಂದಲ್ರಿ ಯಪ್ಪಾ, ಇವಂದು’ ಎಂದು ಗಂಡನ ಕಡೆ ತೋರಿಸಿದಳು.